ಮದ್ದು ಬಿಟ್ಟು ಇಳಿದ ಮೇಲೆ ಮಳೆ ಬಂದರೆ ಖರ್ಚು ಯಾರದ್ದು?

ಮೇ ಕಳೆಯುತ್ತಿದ್ದಂತೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ, ಎಂದರೆ ಮಳೆಗಾಲದ ಕೊಳೆರೋಗ ತಡೆಯಲು ಮರ ಹತ್ತಿ ಗೊನೆಗೆ ಬೋರ್ಡೊ ದ್ರಾವಣ ಸಿಂಪಡಿಸುವ ಜನಕ್ಕೆ ಹುಡುಕಾಟ ಶುರು. ಜನ ಸಿಕ್ಕಿದರೆ ಸಾಕೆಂದು ಸಂಬಳದ ಮಾತು ಅರ್ಧದಲ್ಲೇ ನಿಲ್ಲುತ್ತದೆ. ಮರದಿಂದ ಇಳಿದು ತಲೆ ಒರೆಸಿಕೊಳ್ಳುವಷ್ಟರಲ್ಲಿ ಮಳೆ ಹೊಡೆಯಿತೆನ್ನಿ, ಆಗ ತಗಾದೆ. ಮದ್ದು ತೊಳೆದುಹೋಯಿತು ಎನ್ನುತ್ತಾರೆ ತೋಟದವರು. ನಾವು ಹತ್ತಿದ್ದು ಹತ್ತಿದ್ದೇ ಅಲ್ಲವಾ ಎನ್ನುತ್ತಾರೆ ಬಿಟ್ಟವರು. ಇಬ್ಬರ ಮಾತೂ ಸರಿ. ಈ ಜಗಳದ ಬೇರು ಇರುವುದು ಸಂಬಳವನ್ನು ಅಳೆಯುವ ಕೋಲಿನಲ್ಲಿ. ಆ ಕೋಲು ಬದಲಾದಾಗೆಲ್ಲ ನಷ್ಟ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿದೆ.

ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದಾಗ ಇಲ್ಲಿನ ಜಮೀನು ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಧಣಿ ಬಿಡಿಸಬಹುದಾದ ಗೇಣಿ)ಗಳಲ್ಲಿ ಹಂಚಿಹೋಗಿತ್ತು. ಕೂಲಿಯನ್ನು ಸೇರಿನಲ್ಲಿ ಅಕ್ಕಿಯನ್ನೋ ಭತ್ತವನ್ನೋ ಅಳೆದು ಕೊಡುತ್ತಿದ್ದರು. ಆಳಿನ ಗುಡಿಸಲು ಧಣಿಯ ಜಾಗದಲ್ಲಿ. ಮಳೆಯಿಂದ ಕೆಲಸ ಅರ್ಧಕ್ಕೆ ನಿಂತರೆ ನಾಳೆ ಬಾ ಎಂದರಾಯಿತು. ನಾಳೆ ಬಾರದೆ ಇರಲು ಅವನಿಗೆ ದಾರಿಯೇ ಇರಲಿಲ್ಲ. ನಷ್ಟವೆಲ್ಲ ಆಳಿನದ್ದೇ, ಆದರೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ.

1956ರ ನವೆಂಬರ್ 1ಕ್ಕೆ ತಾಲೂಕು ಕೇರಳಕ್ಕೆ ಸೇರಿತು. ತೋಟದ ಮಟ್ಟಿಗೆ ಅದಕ್ಕಿಂತ ದೊಡ್ಡ ದಿನ 1970ರ ಜನವರಿ 1. ಭೂಸುಧಾರಣೆ ಕಾನೂನಿನ ತಿದ್ದುಪಡಿ ಜಾರಿಗೆ ಬಂದು ಗೇಣಿ ರದ್ದಾಯಿತು. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಸ್ವಂತ ನೆಲದ ಹಕ್ಕು ಸಿಕ್ಕಿತು. ಮನೆಯ ಅಡಿಯ ನೆಲ ತನ್ನದಾದ ಮೇಲೆ ಕರೆದ ಕೂಡಲೇ ಹೋಗಬೇಕೆಂಬ ಭಯವಿಲ್ಲ. 1974ರಲ್ಲಿ ಕೇರಳದ ಕೃಷಿ ಕಾರ್ಮಿಕರ ಕಾಯ್ದೆಯೂ ಬಂತು. ನಗದು ದಿನಗೂಲಿ ಗಟ್ಟಿಯಾಯಿತು. ದಿನಗೂಲಿಯಲ್ಲಿ ಮಳೆಯ ನಷ್ಟ ತೋಟದವರದ್ದು: ಹತ್ತು ಮರವಾಗಲಿ, ನೂರು ಮರವಾಗಲಿ, ದಿನದ ಸಂಬಳ ಕೊಡಬೇಕು.

ಕೊಡುವ ಹಣ ಎಲ್ಲಿಂದ ಬರಬೇಕು? ಅದೇ ಹೊತ್ತಿಗೆ ಅಡಿಕೆಯ ಧಾರಣೆ ನೆಲ ಕಚ್ಚಿತ್ತು. ಬೆಳೆಗಾರರು ಸೇರಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದ್ದು ಆ ಪೆಟ್ಟಿನಿಂದ. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸದಸ್ಯರಾಗುವ ಸಹಕಾರಿ ಅದು. ಗಡಿಯಾಚೆ ಹೋದ ಕಾಸರಗೋಡಿನ ಕೃಷಿಕರಿಗೆ ಇದು ಸಣ್ಣ ವಿಷಯವಲ್ಲ.

ಈಗ ಮದ್ದಿನ ಖರ್ಚನ್ನೇ ಬಿಡಿಸಿ ನೋಡೋಣ. ಫ್ರಾನ್ಸಿನ ಬೋರ್ಡೊದಲ್ಲಿ 1885ರ ಸುಮಾರಿಗೆ ದ್ರಾಕ್ಷಿಗೆಂದು ಹುಟ್ಟಿದ ಮಿಶ್ರಣವಿದು. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ತಿರುಗಿಸುತ್ತ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಆಗದು. ಎರಡನ್ನೂ ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಬೆರೆಸಿ ಆಮೇಲೆ ನೀರು ತುಂಬಿಸಿದರೆ ಕಣ ದಪ್ಪವಾಗುತ್ತದೆ, ನಾಝಲ್ ಕಟ್ಟುತ್ತದೆ, ಕಾಯಿಗೆ ಅಂಟುವುದಿಲ್ಲ. ಗಾಳಿ ತಾಗಿ ಸತ್ತ ಸುಣ್ಣ ಹಾಕಿದರೆ ಹುಳಿ ಉಳಿದು ಎಳೆಯ ಮಿಡಿ ಸುಡುತ್ತದೆ. ಉಜ್ಜಿದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿದರೆ ಗೊತ್ತಾಗುತ್ತದೆ: ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು.

9 ಅಡಿ ಅಂತರದಲ್ಲಿ ನೆಟ್ಟ ಒಂದು ಎಕರೆಯಲ್ಲಿ ಸುಮಾರು 537 ಮರ. ಮರಕ್ಕೆ ಮುಕ್ಕಾಲು ಲೀಟರೆಂದು ಹಿಡಿದರೆ 400 ಲೀಟರ್, ಅಂದರೆ 200 ಲೀಟರಿನ ಎರಡು ಬ್ಯಾರೆಲ್. ತುತ್ತು 4 ಕಿಲೋ, ಸುಣ್ಣ 4 ಕಿಲೋ. ಮುಂಗಾರಿಗೆ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು, ಮಳೆ ಎಳೆದರೆ ಮೂರನೆಯದು. ಮೂರು ಸುತ್ತಿಗೂ ಸೇರಿ ತುತ್ತು 12 ಕಿಲೋ ಸಾಕು. ಮದ್ದಿಗಿಂತ ಅದನ್ನು ಮರದ ತುದಿಗೆ ಮುಟ್ಟಿಸುವ ಕೈಗೇ ಖರ್ಚು ಹೆಚ್ಚು. ತುತ್ತದ ರೇಟಿನ ಬಗ್ಗೆ ಅಷ್ಟೊಂದು ಮಾತಾಡುವವರು ಈ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಹತ್ತುವ ಕೈಗಳು ಕಡಿಮೆಯಾದವು. ಗಲ್ಫ್, ಶಾಲೆ, ಪೇಟೆಯ ಕೆಲಸ ಎಲ್ಲ ಸೇರಿ ಕಾಲಿಗೆ ತಳೆ (ಮರ ಹತ್ತುವ ಹಗ್ಗದ ಬಳೆ) ಹಾಕಿ ಹತ್ತುವವರ ಮಕ್ಕಳು ತಳೆ ಹಾಕಲಿಲ್ಲ. ಅಲ್ಲಿಂದ ದಿನಗೂಲಿ ಗುತ್ತಿಗೆಗೆ ತಿರುಗಿತು. ಒಬ್ಬರು ಪಂಪು, ಪೈಪು, ಪೆಟ್ರೋಲು, ಇಬ್ಬರು ಮೂವರು ಸಹಾಯಕರ ಜೊತೆ ಬರುತ್ತಾರೆ. ಬ್ಯಾರೆಲಿಗೆ ಇಷ್ಟು, ಇಲ್ಲವೇ ಮರಕ್ಕೆ ಇಷ್ಟು.

ಮೂರು ಕೋಲಿಗೂ ಅದರದ್ದೇ ಐಬು. ದಿನದ ಲೆಕ್ಕದಲ್ಲಿ ಕೈ ನಿಧಾನ. ಮರದ ಲೆಕ್ಕದಲ್ಲಿ ಕೈ ಅವಸರ: ಗೊನೆಯ ಹಿಂಬದಿಗೆ, ಒಳಗಿನ ಎಳೆಗೊನೆಗೆ ಮದ್ದು ತಾಗದೆ ಮುಂದಿನ ಮರ. ಬ್ಯಾರೆಲಿನ ಲೆಕ್ಕದಲ್ಲಿ ಬೇಗ ಖಾಲಿ ಮಾಡಿದಷ್ಟೂ ಲಾಭ, ಹಾಗಾಗಿ ಸೋಗೆಯಿಂದ ತೊಟ್ಟಿಕ್ಕುವವರೆಗೆ ಹಾರಿಸುವುದು. ನಮ್ಮ ಕಣ್ಣಿಗೆ ಕಡಿಮೆ ಕೆಟ್ಟದ್ದು ಬ್ಯಾರೆಲೇ. ಎರಡು ಬ್ಯಾರೆಲಿಗೆ ಎಷ್ಟು ಮರ ಮುಗಿಯಿತೆಂದು ಎಣಿಸಿದರೆ ಮೋಸ ಅಲ್ಲೇ ಕಾಣುತ್ತದೆ. ತಪ್ಪಿದ ಮರದ ಸುಳಿವಾದರೋ ವಾರಗಳು ಕಳೆದ ಮೇಲೆ, ತೊಟ್ಟಿನ ಬಳಿ ನೀರಿಳಿದಂತೆ ಕಡುಹಸಿರಾದ ಕಾಯಿ ಬುಡದಲ್ಲಿ ಉದುರಿದಾಗ. ಅಷ್ಟರಲ್ಲಿ ಹಣ ಕೊಟ್ಟಾಗಿರುತ್ತದೆ.

ಗುತ್ತಿಗೆಯಲ್ಲಿ ಮಳೆಯ ನಷ್ಟ ಎರಡಾಗಿ ಸೀಳುತ್ತದೆ. ಕಲಸಿದ ಮದ್ದು ಅದೇ ದಿನ ಮುಗಿಯಬೇಕು; ಮಧ್ಯಾಹ್ನ ಮಳೆ ಹಿಡಿದರೆ ಬ್ಯಾರೆಲಿನಲ್ಲಿ ಉಳಿದದ್ದು ತೋಟದವರ ನಷ್ಟ, ಬೆಳಗ್ಗೆಯಿಂದ ಕರೆತಂದ ಸಹಾಯಕರ ಸಂಬಳ ಗುತ್ತಿಗೆಯವರ ನಷ್ಟ. ಬಿಟ್ಟ ಮದ್ದು ಒಣಗುವ ಮೊದಲು ತೊಳೆದುಹೋದರೆ ಮಾತ್ರ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅರ್ಧ ಸಂಬಳಕ್ಕೆ ಮತ್ತೆ ಬಿಡಬೇಕು, ಮದ್ದು ತೋಟದವರದ್ದು ಎಂದು ಮೊದಲೇ ಮಾತಾಡಿಕೊಂಡರೆ ಜಗಳ ಇಲ್ಲ.

ಸರಕಾರದ ಹವಾಮಾನ ಆಧಾರಿತ ಬೆಳೆ ವಿಮೆ ಇದೆಯಲ್ಲ ಎನ್ನಬಹುದು. ತೋಟಗಾರಿಕೆ ಬೆಳೆಗೆ ರೈತರ ಪಾಲಿನ ಕಂತು ವಿಮಾ ಮೊತ್ತದ ಶೇ. 5 ಮೀರುವಂತಿಲ್ಲ, ಉಳಿದದ್ದು ಸರಕಾರಗಳದ್ದು. ಆದರೆ ಅದು ಅಳೆಯುವುದು ಮಳೆಮಾಪನ ಕೇಂದ್ರದ ಮಳೆಯನ್ನು, ನಿಮ್ಮ ತೋಟದ ಕೊಳೆಯನ್ನಲ್ಲ. ಗುಡ್ಡದ ಈಚೆ ಸುರಿದು ಆಚೆ ಕೇಂದ್ರದ ಬಳಿ ಬಿಸಿಲಿದ್ದರೆ ದಾಖಲೆಯಲ್ಲಿ ಉಳಿಯುವುದು ಆಚೆಯ ಬಿಸಿಲು. ಪಾಟಕ್ಕೆ, ಅಂದರೆ ಗೇಣಿಯಂತೆ ಹಣ ಕೊಟ್ಟು ತೋಟ ಹಿಡಿದವರ ಪಾಡು ಬೇರೆಯೇ: ಮದ್ದಿನ ಬಿಲ್ಲು ಅವರ ಕೈಯಲ್ಲಿ, ತೀರ್ವೆ (ಭೂಕಂದಾಯ) ರಶೀದಿ ಮಾಲಿಕರ ಹೆಸರಿನಲ್ಲಿ.

ಈಚೆಗೆ ಕಾರ್ಬನ್ ಫೈಬರಿನ ದೋಟಿ (ಉದ್ದನೆಯ ಗಳೆ) ಬಂದಿದೆ. ನೆಲದಲ್ಲೇ ನಿಂತು ಗೊನೆ ಇಳಿಸಬಹುದು, ಮದ್ದೂ ಬಿಡಬಹುದು, ಬೀಳುವ ಭಯವಿಲ್ಲ. ಬೆಲೆ ದುಬಾರಿ, ಹಾಗಾಗಿ ಹೊಸ ಪ್ರಶ್ನೆ: ದೋಟಿ ಯಾರದ್ದು, ಗಂಟು ಒಡೆದರೆ ರಿಪೇರಿ ಯಾರದ್ದು? ಅದಕ್ಕಿಂತ ಮುಖ್ಯವಾದದ್ದು, ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲನ್ನು ದೋಟಿಗೆ ಕೊಡಲೇಬಾರದು.

ಮರದಿಂದ ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದೆಂಬುದಕ್ಕೆ ತೆಂಗು ಹತ್ತುವವರಿಗೆ ಬರಹದ ಒಂದು ಉತ್ತರ ಇದೆ: ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ. ಕಂತಿನ ಬಹುಪಾಲು ಮಂಡಳಿ ಹಾಕುತ್ತದೆ, ಉಳಿದ ಸಣ್ಣ ಪಾಲು ಹತ್ತುವವರದ್ದು. ಪ್ರತಿ ವರ್ಷ ಹೊಸದಾಗಿ ಕಟ್ಟಬೇಕು. ಮದ್ದಿನ ಗುತ್ತಿಗೆ ಮಾತಾಡುವ ದಿನ ಬ್ಯಾರೆಲಿನ ರೇಟು ಕೇಳುವವರು, ಬರುವ ಮೂವರಲ್ಲಿ ಯಾರ್ಯಾರಿಗೆ ಯಾವ ವಿಮೆ ಇದೆಯೆಂದು ಕೇಳುವುದು ಅಪರೂಪ.