ವ್ಯಾಂಕೂವರ್ ಶೈಲಿಯ ಉಲ್ಲೇಖ: ಪುಟಸಂಖ್ಯೆಯನ್ನು ಎಲ್ಲಿ ಕತ್ತರಿಸಬೇಕು?

ವ್ಯಾಂಕೂವರ್ ಶೈಲಿ ಎಂದರೆ ವೈದ್ಯಕೀಯ ಲೇಖನಗಳಲ್ಲಿ ಆಕರಗಳನ್ನು ಸಂಖ್ಯೆಯ ಮೂಲಕ ಉಲ್ಲೇಖಿಸುವ ರೀತಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಇದರ ನಿಯಮ ರೂಪಿಸಲು ಹೊರಟಿದ್ದರಿಂದ ಈ ಶೈಲಿಗೆ ಆ ಊರಿನ ಹೆಸರು. ಪಠ್ಯದಲ್ಲಿ ಮೊದಲು ಬಂದ ಆಕರಕ್ಕೆ 1, ಮುಂದಿನದಕ್ಕೆ 2. ಕೊನೆಯ ಪಟ್ಟಿಯೂ ಇದೇ ಸರದಿಯಲ್ಲಿರುತ್ತದೆ, ಅಕಾರಾದಿಯಲ್ಲಲ್ಲ. ಅದೇ ಆಕರ ಮತ್ತೆ ಬಂದರೆ ಹಳೆಯ ಸಂಖ್ಯೆಯೇ. ಕೋಷ್ಟಕದಲ್ಲಿ ಮಾತ್ರ ಬರುವ ಆಕರಕ್ಕೆ, ಪಠ್ಯ ಆ ಕೋಷ್ಟಕವನ್ನು ಮೊದಲು ಹೆಸರಿಸುವ ಜಾಗದ ಸರದಿ. ಕೋಷ್ಟಕ ಕೊನೆಯ ಪುಟದಲ್ಲಿದ್ದರೂ ಅಷ್ಟೇ.

ಲೇಖಕರ ಕುಲನಾಮ, ಆಮೇಲೆ ಇನಿಷಿಯಲ್. ನಡುವೆ ಕಾಮಾ ಇಲ್ಲ, ಇನಿಷಿಯಲ್‌ಗಳಿಗೆ ಚುಕ್ಕಿಯೂ ಇಲ್ಲ. ಆರಕ್ಕಿಂತ ಹೆಚ್ಚು ಲೇಖಕರಿದ್ದರೆ ಮೊದಲ ಆರು ಹೆಸರು ಬರೆದು 'ಎಟ್ ಆಲ್' (ಮತ್ತು ಇತರರು) ಸೇರಿಸುವುದು ಸಾಮಾನ್ಯ ರೂಢಿ.

ಪತ್ರಿಕೆಯ ಹೆಸರನ್ನು ನಮಗೆ ತೋಚಿದಂತೆ ಮೊಟಕುಗೊಳಿಸಬಾರದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿರುವ ರೂಪವನ್ನೇ ಬಳಸಬೇಕು. 'ಲ್ಯಾನ್ಸೆಟ್'ನಂಥ ಒಂದೇ ಪದದ ಹೆಸರು ಹಾಗೇ ಉಳಿಯುತ್ತದೆ.

ಇನ್ನು ಲೇಖನದ ಬಾಲ: 2002;347(4):284-7. ವರ್ಷ, ಸೆಮಿಕೋಲನ್, ಸಂಪುಟ, ಆವರಣದಲ್ಲಿ ಸಂಚಿಕೆ, ಕೋಲನ್, ಪುಟ. ನಡುವೆ ಎಲ್ಲೂ ಖಾಲಿ ಜಾಗವಿಲ್ಲ. ಇಡೀ ಸಂಪುಟಕ್ಕೆ ಪುಟಸಂಖ್ಯೆ ಒಂದೇ ಸಾಲಾಗಿ ಮುಂದುವರಿಯುವ ಪತ್ರಿಕೆಯಾದರೆ ಸಂಚಿಕೆಯನ್ನು ಬಿಡಬಹುದು.

ಹೆಚ್ಚು ಜನ ಎಡವುವುದು ಲೇಖನದ ಕೊನೆಯ ಪುಟದ ಸಂಖ್ಯೆಯಲ್ಲಿ; ಮೊದಲ ಪುಟದ ಸಂಖ್ಯೆಯಲ್ಲಿ ಈಗಾಗಲೇ ಇರುವ ಅಂಕಿಗಳನ್ನು ಅದರಲ್ಲಿ ಮತ್ತೆ ಬರೆಯುವುದಿಲ್ಲ. ಎರಡೂ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಎಡದಿಂದ ಹೋಲಿಸಿ. ಅಂಕಿ ಒಂದೇ ಆಗಿರುವವರೆಗೆ ಬಿಡುತ್ತ ಬನ್ನಿ; ಮೊದಲ ಬಾರಿ ಬೇರೆಯಾದ ಅಂಕಿಯಿಂದ ಮುಂದಿನದೆಲ್ಲ ಉಳಿಯಬೇಕು. 284-287 ಎಂಬುದು 284-7. 300-315 ಎಂಬುದು 300-15. 198-202ರಲ್ಲಿ ಮೊದಲ ಅಂಕಿಯೇ ಬೇರೆ, ಆದ್ದರಿಂದ ಏನನ್ನೂ ಬಿಡುವಂತಿಲ್ಲ. 1095-1108ರಲ್ಲಿ ಸಾವಿರದ 1 ಮಾತ್ರ ಸಮಾನ, ನೂರರ ಸ್ಥಾನದಲ್ಲಿ 0 ಹೋಗಿ 1 ಬಂದಿದೆ, ಹಾಗಾಗಿ 1095-108. ಅದನ್ನು 1095-8 ಎಂದು ಬರೆದರೆ ಓದುಗ 1098ಕ್ಕೇ ನಿಲ್ಲುತ್ತಾನೆ, ಹತ್ತು ಪುಟ ಕಳೆದುಹೋಗುತ್ತವೆ. ಬರೆದ ಮೇಲೆ, ಬಿಟ್ಟ ಅಂಕಿಗಳನ್ನು ಮೊದಲ ಸಂಖ್ಯೆಯಿಂದ ತಂದು ಮುಂದೆ ಜೋಡಿಸಿ: 1 ಮತ್ತು 108 ಸೇರಿ 1108. ಸರಿಬಂದರೆ ಮುಗಿಯಿತು. ಪತ್ರಿಕೆ ಎಎಂಎ (ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್) ಶೈಲಿ ಕೇಳಿದ್ದರೆ ಈ ಕತ್ತರಿ ಬೇಡ, ಅಲ್ಲಿ ಪೂರ್ತಿ ಸಂಖ್ಯೆಯೇ ಬೇಕು.

ಪುಸ್ತಕಕ್ಕೆ: ಲೇಖಕ, ಶೀರ್ಷಿಕೆ, ಆವೃತ್ತಿ, ಊರು, ಕೋಲನ್, ಪ್ರಕಾಶಕ, ಸೆಮಿಕೋಲನ್, ವರ್ಷ. ಲೇಖನದಲ್ಲಿ ವರ್ಷದ ನಂತರ ಬರುವ ಸೆಮಿಕೋಲನ್ ಇಲ್ಲಿ ವರ್ಷದ ಮೊದಲು ಬರುವುದನ್ನು ಗಮನಿಸಿ. ಮೊದಲ ಆವೃತ್ತಿಯಾದರೆ ಅದನ್ನು ನಮೂದಿಸುವುದಿಲ್ಲ. ಒಂದು ಅಧ್ಯಾಯವನ್ನಷ್ಟೇ ಬಳಸಿದ್ದರೆ ಅಧ್ಯಾಯದ ಲೇಖಕರು ಮೊದಲು, 'ಇನ್' ಮತ್ತು ಕೋಲನ್ ಹಾಕಿ ಸಂಪಾದಕರು ಆಮೇಲೆ. ಕೊನೆಗೆ ಪುಟಗಳು ಎಷ್ಟೇ ಇದ್ದರೂ ಪುಟಸಂಖ್ಯೆಯ ಮೊದಲು ಒಂದೇ 'ಪಿ', ಆ 'ಪಿ' ಆದ ಮೇಲೊಂದು ಚುಕ್ಕಿ.