ಆಚೆ ಮುಂಗಾಲನ್ನು ನೋಡಿ

ಅಮೆರಿಕದ ನಮ್ಮ ಕೊಲೊರಾಡೋದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಬಿಲ್ಲು ಬೇಟೆ ಸೆಪ್ಟೆಂಬರ್ 2ಕ್ಕೆ ಶುರುವಾಗಿ ತಿಂಗಳ ಕೊನೆಗೆ ಮುಗಿಯುತ್ತದೆ. ನಾನು ಇಲ್ಲಿ ದನ, ಕುದುರೆಗಳ ಡಾಕ್ಟರ್. ಬೇಸಿಗೆಯ ಶನಿವಾರಗಳಲ್ಲಿ ಹೊಸ ಬೇಟೆಗಾರರಿಗೆ ಪಾಠ ಹೇಳುತ್ತೇನೆ. ಒಬ್ಬಿಬ್ಬರು ಕನ್ನಡದವರೂ ಬರುತ್ತಾರೆ. ಊರಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಹಾಗಾಗಿ ಬೇಟೆ ಅಂದರೆ ಅವರಿಗೆ ಅಜ್ಜ ಹೇಳಿದ ಕಥೆ ಅಷ್ಟೆ. ಇಲ್ಲಿ ಅದಕ್ಕೆ ಲೈಸೆನ್ಸ್ ಬೇಕು. ಗಾಯವಾದ ಪ್ರಾಣಿಯನ್ನು ಹುಡುಕದೆ ಬಿಟ್ಟರೆ, ತಿನ್ನುವ ಮಾಂಸ ಹಾಳು ಮಾಡಿದರೆ ಕಾನೂನು ಹಿಡಿಯುತ್ತದೆ. ಯಾರೇ ಬರಲಿ, ಮೊದಲ ಪ್ರಶ್ನೆ ಒಂದೇ: "ಸರ್, ಎಲ್ಲಿಗೆ ಗುರಿ ಇಡಬೇಕು?"

ಚಿತ್ರ ತೋರಿಸುವ ಮೊದಲು ಅವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತೇನೆ. ಒಂದು ಸಾಧು ಹಸುವಿನ ಮುಂಗಾಲಿನ ಮೊಣಕೈ ಹಿಂದೆ ಅಂಗೈ ಇಡಿ ಅನ್ನುತ್ತೇನೆ. ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಬಡಿತ ಸಿಗುತ್ತದೆ. "ಅಯ್ಯೋ, ಇಷ್ಟು ಕೆಳಗಾ ಸರ್?" ಅಂತಾರೆ. ಹೌದು, ಅಷ್ಟು ಕೆಳಗೆ. ಹೃದಯ ಇರುವುದು ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ. ಅದರ ಮೇಲೆ, ಹಿಂದೆ ಶ್ವಾಸಕೋಶ. ಹೊಸಬರ ಕಣ್ಣು ಮಾತ್ರ ಪ್ರಾಣಿಯ ನಟ್ಟನಡುವೆ ಹೋಗುತ್ತದೆ. ನಡುವೆ ಇರುವುದು ಹೊಟ್ಟೆ.

ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ಬಹಳ ದೊಡ್ಡದು. ಬೆಳೆದ ಗಂಡು 300 ಕಿಲೋ ದಾಟುತ್ತದೆ. ಬಾಣದ ತೂಕ ಸುಮಾರು 30 ಗ್ರಾಂ. ಗುಂಡಿನ ಹಾಗೆ ಅದು ಬಡಿದು ಕೆಡವುವುದಿಲ್ಲ. ಬಾಣ ಕೊಯ್ಯುತ್ತದೆ. ರಕ್ತ ಹರಿಯಬೇಕು, ಎದೆಗೆ ಗಾಳಿ ನುಗ್ಗಬೇಕು, ಶ್ವಾಸಕೋಶ ಕುಸಿಯಬೇಕು. ಎರಡೂ ಶ್ವಾಸಕೋಶ ಕೊಯ್ದರೆ ಪ್ರಾಣಿ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಬೀಳುತ್ತದೆ. ಒಂದೇ ಕೊಯ್ದರೆ ಕಥೆಯೇ ಬೇರೆ. ದನಗಳಲ್ಲಿ ಎದೆಯ ಎಡ, ಬಲ ಭಾಗಗಳ ನಡುವೆ ಗಟ್ಟಿಯಾದ ಪೊರೆ ಇರುತ್ತದೆ. ಒಂದು ಕಡೆ ಗಾಳಿ ತುಂಬಿದರೂ ಇನ್ನೊಂದು ಕಡೆ ಉಸಿರಾಟ ನಡೆಯುತ್ತಲೇ ಇರುತ್ತದೆ. ಒಂದೇ ಶ್ವಾಸಕೋಶಕ್ಕೆ ಪೆಟ್ಟಾದ ಎಲ್ಕ್ ಗುಡ್ಡ ಹತ್ತಿ ಇಳಿದು ಹೋಗಿಬಿಡುತ್ತದೆ. ಅದರ ನರಳಾಟ ಎಷ್ಟು ಹೊತ್ತು ಅನ್ನುವುದು ನಮಗೆ ಕಾಣುವುದೂ ಇಲ್ಲ.

ಹಾಗಾಗಿ ಚರ್ಮದ ಮೇಲಿನ ಚುಕ್ಕೆಯನ್ನಷ್ಟೇ ಹುಡುಕಬೇಡಿ. ಬಾಣ ಆಚೆ ಕಡೆ ಎಲ್ಲಿ ಹೊರಬರುತ್ತದೆ ಅಂತ ಮೊದಲು ನೋಡಿ. ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ.

ನನ್ನ ಮೂರನೇ ವರ್ಷ. ಸಂಜೆ, ಆಸ್ಪೆನ್ ಮರಗಳ ಅಂಚು, ಸುಮಾರು 30 ಗಜದಲ್ಲಿ ಒಂದು ಗಂಡು ಎಲ್ಕ್. ಪೂರ್ತಿ ಪಕ್ಕಕ್ಕೆ ನಿಂತಿದೆ ಅಂತ ನನಗೆ ಅನಿಸಿತು. ತಲೆ ಪಕ್ಕಕ್ಕೆ ಇತ್ತು, ದೇಹ ಸ್ವಲ್ಪ ನನ್ನ ಕಡೆಗೆ ಓರೆಯಾಗಿತ್ತು. ಹೆಗಲಿನ ಹಿಂದೆ, ಪುಸ್ತಕದ ಚುಕ್ಕೆಗೇ ಬಾಣ ಹೋಯಿತು. ಒಂದು ಶ್ವಾಸಕೋಶದ ಅಂಚು ಸವರಿ, ಹೊಟ್ಟೆ ತೂರಿ, ಆಚೆ ಬಂತು. ಬಾಣ ಎತ್ತಿ ಮೂಸಿದೆ. ಹುಳಿ ವಾಸನೆ, ಹಸಿರು ಬಣ್ಣ. ದನದ ಡಾಕ್ಟರಿಗೆ ಆ ವಾಸನೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ರಾತ್ರಿಯೆಲ್ಲ ಕಾದು ಬೆಳಗ್ಗೆ ಹುಡುಕಿದೆ. ತೊರೆಯ ಪಕ್ಕ ಸತ್ತು ಬಿದ್ದಿತ್ತು. ಅಲ್ಲಿಗೆ ಹೋಗುವ ದಾರಿಯಲ್ಲಿ ಮೂರು ಕಡೆ ಹುಲ್ಲು ಅಪ್ಪಚ್ಚಿಯಾಗಿತ್ತು. ಮೂರು ಸಲ ಮಲಗಿದೆ, ಮೂರು ಸಲ ಎದ್ದಿದೆ. ಆ ಮೂರು ಜಾಗಗಳನ್ನು ನಾನು ಇವತ್ತಿಗೂ ಮರೆತಿಲ್ಲ.

ಅಂದಿನಿಂದ ಕೊಂಬು ನೋಡುವುದನ್ನು ಬಿಟ್ಟು ಕಾಲು ನೋಡುತ್ತೇನೆ. ತಲೆ ಎತ್ತ ಬೇಕಾದರೂ ತಿರುಗುತ್ತದೆ. ದೇಹ ಯಾವ ಕಡೆಗಿದೆ ಅಂತ ಹೇಳುವುದು ಕಾಲು. ಬ್ರಾಡ್‌ಸೈಡ್, ಅಂದರೆ ಪೂರ್ತಿ ಪಕ್ಕಕ್ಕೆ ನಿಂತಿದ್ದರೆ, ಮುಂಗಾಲಿನ ಹಿಂಬದಿಯ ಗೆರೆಗೆ ಸ್ವಲ್ಪ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲೆ. ಹಿಂಭಾಗ ನಮ್ಮ ಕಡೆ ಇದ್ದು ಓರೆಯಾಗಿ ನಿಂತಿದ್ದರೆ, ಗುರಿ ಇನ್ನೂ ಹಿಂದಕ್ಕೆ ಸರಿಯುತ್ತದೆ. ಬಾಣ ಆಚೆ ಮುಂಗಾಲಿನ ಕಡೆಗೆ ಹೋಗಬೇಕು. ಗುಡ್ಡದ ಮೇಲಿನಿಂದ ಬಿಡುವಾಗ ಇನ್ನೂ ಮೇಲಕ್ಕೆ. ಬಾಣ ಒಳಹೋಗುವ ಜಾಗ ಪ್ರತಿ ಸಲ ಬದಲಾಗುತ್ತದೆ. ಆಚೆ ಮುಂಗಾಲಿನ ಲೆಕ್ಕ ಮಾತ್ರ ಬದಲಾಗುವುದಿಲ್ಲ. ಓರೆ ತೀರಾ ಜಾಸ್ತಿಯಾದರೆ ಬಿಡಬೇಡಿ. ಪ್ರಾಣಿಯ ಎಡಗಡೆಯಿಂದ ಬಿಟ್ಟರೆ ಹುಲ್ಲು ತುಂಬಿದ ದೊಡ್ಡ ಹೊಟ್ಟೆಯೇ ಬಾಣವನ್ನು ತಡೆದುಬಿಡುತ್ತದೆ.

ಮೇಲೆ ತಪ್ಪುವವರೂ ಬಹಳ. ಬೆನ್ನಿನ ಗೆರೆಯ ಪಕ್ಕದಲ್ಲೇ ಬೆನ್ನುಹುರಿ ಇದೆ ಅಂದುಕೊಳ್ಳುತ್ತಾರೆ. ಹೆಗಲ ಉಬ್ಬಿನ ಒಳಗೆ ಬೆನ್ನೆಲುಬಿನಿಂದ ಎದ್ದ ಉದ್ದನೆಯ ಮುಳ್ಳುಮೂಳೆಗಳಿವೆ. ಬೆನ್ನುಹುರಿ ಅದಕ್ಕಿಂತ ಎಷ್ಟೋ ಕೆಳಗೆ. ಅದರ ಮೇಲೆ ಹೋದ ಬಾಣ ಮಾಂಸವನ್ನು ಮಾತ್ರ ಕೊಯ್ಯುತ್ತದೆ. ಹೆಗಲ ಮೂಳೆಗೆ ಸಿಕ್ಕಿದರೆ ಅಲ್ಲೇ ನಿಲ್ಲಬಹುದು.

ಎದುರಿನಿಂದ ಬಿಡುವ ವಿಷಯಕ್ಕೆ ಪ್ರತಿ ವರ್ಷ ತರಗತಿಯಲ್ಲಿ ವಾದ ಆಗುತ್ತದೆ. ಸೆಪ್ಟೆಂಬರ್ ಬೆದೆಯ ಕಾಲ. ಹೆಣ್ಣಿನ ಹಾಗೆ ಕೂಗಿ ಕರೆದರೆ ಗಂಡು ನೇರ ಕರೆದವರ ಮುಖಕ್ಕೇ ಬರುತ್ತದೆ. ಹದಿನೈದು ಗಜದಲ್ಲಿ ನಿಂತಿರುತ್ತದೆ, ಪಕ್ಕಕ್ಕೆ ತಿರುಗುವುದೇ ಇಲ್ಲ. ಕತ್ತಿನ ಬುಡದಲ್ಲಿ ಒಂದು ಚಿಕ್ಕ ಜಾಗ ಇದೆ, ಅಲ್ಲಿ ಬಿದ್ದರೆ ಬೇಗ ಸಾಯುತ್ತದೆ ಅನ್ನುವುದು ನಿಜ. ನುರಿತವರು ಕೆಲವರು ಬಿಡುತ್ತಾರೆ. ನಾನು ಬಿಡುವುದಿಲ್ಲ, ಬಿಡಿ ಅಂತ ಕಲಿಸುವುದೂ ಇಲ್ಲ. ಕೆಳಗೆ ಗಟ್ಟಿ ಎದೆಮೂಳೆ, ಅಕ್ಕಪಕ್ಕ ಹೆಗಲು. ನಾಲ್ಕು ಬೆರಳು ಆಚೀಚೆ ಆದರೆ ಒಂದೇ ಶ್ವಾಸಕೋಶ, ಇಲ್ಲವೇ ಬರೀ ಮಾಂಸ. ಎದೆ ಡವಡವ ಅನ್ನುವಾಗ ನಾಲ್ಕು ಬೆರಳಿನ ಲೆಕ್ಕ ಯಾರಿಗೆ ಇರುತ್ತದೆ?

ದೂರದ ಮಾತು. 40 ಗಜ ಅಂದರೆ ಸುಮಾರು 37 ಮೀಟರ್. ಸೆಕೆಂಡಿಗೆ 85 ಮೀಟರ್ ಹೋಗುವ ಬಾಣಕ್ಕೂ ಅರ್ಧ ಸೆಕೆಂಡಿನ ಹತ್ತಿರ ಬೇಕು. ಅಷ್ಟರಲ್ಲಿ ಮೇಯುತ್ತಿರುವ ಎಲ್ಕ್ ಒಂದು ಹೆಜ್ಜೆ ಮುಂದಿಟ್ಟರೆ ಶ್ವಾಸಕೋಶ ಇದ್ದ ಜಾಗಕ್ಕೆ ಹೊಟ್ಟೆ ಬಂದಿರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಗುಡ್ಡ ಹತ್ತಿಸಿ, ಏದುಸಿರು ಬಿಡುತ್ತಿರುವಾಗಲೇ ಐದು ಬಾಣ ಬಿಡಿಸುತ್ತೇನೆ. ಐದೂ ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳುವ ದೂರವೇ ಅವರ ದೂರ. ಕೆಲವರಿಗೆ ಅದು 20 ಗಜ. ಸಂಕೋಚ ಬೇಡ. ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಸ್ಯಾಕ್ಸ್‌ಟನ್ ಪೋಪ್ ಬಿಲ್ಲು ಕಲಿತದ್ದು ತಮ್ಮ ರೋಗಿಯಿಂದ. 1911ರಲ್ಲಿ ಕಾಡಿನಿಂದ ಹೊರಬಂದ, ಕ್ಯಾಲಿಫೋರ್ನಿಯಾದ ಮೂಲನಿವಾಸಿ ಯಾಹಿ ಜನಾಂಗದ ಇಶಿ ಅವರಿಂದ. ಇಶಿ ಅವರ ನಿಜವಾದ ವಿದ್ಯೆ ಪ್ರಾಣಿಗೆ ಗೊತ್ತಾಗದ ಹಾಗೆ ಹತ್ತಿರ ಹೋಗುವುದು. ಅಮೆರಿಕದಲ್ಲಿ ಈಗಿನ ಬಿಲ್ಲು ಬೇಟೆ ಬೆಳೆದದ್ದರಲ್ಲಿ ಆ ಪಾಠಕ್ಕೆ ದೊಡ್ಡ ಪಾಲಿದೆ.

ಬಾಣ ಬಿಟ್ಟ ಮೇಲೆ ಓಡಬೇಡಿ. ಬಾಣ ಸಿಕ್ಕರೆ ನೋಡಿ, ಮೂಸಿ. ತಿಳಿ ಕೆಂಪು ನೊರೆ ಇದ್ದರೆ ಶ್ವಾಸಕೋಶ, ಅರ್ಧ ಗಂಟೆ ಸಾಕು. ಕಪ್ಪು ಕೆಂಪು ಇದ್ದರೆ ಲಿವರ್, ನಾಲ್ಕರಿಂದ ಆರು ಗಂಟೆ ಕಾಯಿರಿ. ಹಸಿರು ಇದ್ದರೆ ಎಂಟು ಗಂಟೆಗೂ ಹೆಚ್ಚು. ಬಿಸಿಲಲ್ಲಿ ಮಾಂಸ ಕೆಡಬಹುದು, ಕರಡಿ ಬರಬಹುದು. ಆದರೂ ಕಾಯಲೇಬೇಕು. ಎಬ್ಬಿಸಿದರೆ ಪ್ರಾಣಿ ಇನ್ನೆಲ್ಲೋ ಹೋಗಿ ನರಳಿ ಸಾಯುತ್ತದೆ.

ಇನ್ನೊಂದು ಮಾತು. ಈಗ ಬಹಳ ಜನ ಹೊಟ್ಟೆ ಬಗೆಯದೆಯೇ ಕಾಲು, ಬೆನ್ನಿನ ಮಾಂಸ ಬಿಡಿಸಿ ಹೊತ್ತು ತರುತ್ತಾರೆ. ಗುಡ್ಡದಲ್ಲಿ ಅದು ಸುಲಭ, ಮಾಂಸವೂ ಶುದ್ಧವಾಗಿರುತ್ತದೆ. ಆದರೆ ತಮ್ಮ ಬಾಣ ಒಳಗೆ ಏನು ಮಾಡಿತು ಅನ್ನುವುದನ್ನು ಅವರು ನೋಡುವುದೇ ಇಲ್ಲ. ಮಾಂಸವನ್ನು ನೆರಳಲ್ಲಿ ನೇತುಹಾಕಿದ ಮೇಲೆ ಹತ್ತು ನಿಮಿಷ ಕೊಟ್ಟು ಪಕ್ಕೆಲುಬು ಬಿಡಿಸಿ ನೋಡಿ ಅಂತ ಹೇಳುತ್ತೇನೆ. ಬಾಣ ಹೋದ ದಾರಿಯಲ್ಲಿ ಬೆರಳು ಹಾಕಿ. ಪ್ರಾಣಿ ಹೇಗೆ ನಿಂತಿತ್ತು, ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಂತು, ಎಷ್ಟು ದೂರ ಓಡಿತು ಅಂತ ಬರೆದಿಡಿ. ನನ್ನ ಪುಸ್ತಕದಲ್ಲಿ ಆ ಮೂರನೇ ವರ್ಷದ ಪುಟವೂ ಇದೆ. ತರಗತಿಯಲ್ಲಿ ಮೊದಲು ಅದನ್ನೇ ಎಲ್ಲರ ಕೈಗೂ ಕೊಡುತ್ತೇನೆ.