ಕ್ರಿಸ್‌ಮಸ್ ಮರದ ಗಾಜಿನ ಗುಂಡು ಮೊದಲು ಸೇಬಾಗಿತ್ತು

ಹಳೆಯ ಗಾಜಿನ ವಸ್ತುಗಳು ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಡಿಸೆಂಬರ್ ಹತ್ತಿರ ಬಂದರೆ ಸಾಕು, ಅಜ್ಜಿ ಕಾಲದ ಕ್ರಿಸ್‌ಮಸ್ ಗುಂಡುಗಳನ್ನು ತಂದು ಜನ ಕೇಳುವುದು ಒಂದೇ ಮಾತು: ಇದನ್ನು ತೊಳೆಯಬಹುದಾ? ದಯವಿಟ್ಟು ಬೇಡ. ಯಾಕೆ ಅಂತ ತಿಳಿಯಬೇಕಾದರೆ ಆ ಗುಂಡು ಹುಟ್ಟಿದ ಕಥೆ ಗೊತ್ತಿರಬೇಕು.

ಅದು ಮೊದಲು ನಿಜವಾದ ಸೇಬು. ಜರ್ಮನ್ ನಾಡುಗಳಲ್ಲಿ ಡಿಸೆಂಬರ್ 24 ಆದಾಮ ಮತ್ತು ಹವ್ವಳ ದಿನ. ಬೈಬಲ್ಲಿನ ಈ ಮೊದಲ ಗಂಡು ಹೆಣ್ಣು ಏದೆನ್ ತೋಟದಲ್ಲಿ ಬೇಡವೆಂದ ಹಣ್ಣು ತಿಂದ ಕಥೆಯನ್ನು ನಾಟಕ ಆಡುತ್ತಿದ್ದರು. ನಾಟಕಕ್ಕೆ ಹಣ್ಣು ಬಿಟ್ಟ ಮರ ಬೇಕೇ ಬೇಕು, ಆದರೆ ಆ ಚಳಿಯಲ್ಲಿ ಸೇಬಿನ ಮರದಲ್ಲಿ ಒಂದು ಎಲೆಯೂ ಇರುವುದಿಲ್ಲ ಅಲ್ವಾ? ಅದಕ್ಕೇ ವರ್ಷವಿಡೀ ಹಸಿರಾಗಿರುವ ಫರ್ ಮರ ತಂದು ಅದಕ್ಕೆ ಸೇಬು ಕಟ್ಟುತ್ತಿದ್ದರು. 1605ರ ಹೊತ್ತಿಗೆ ಸ್ಟ್ರಾಸ್‌ಬರ್ಗ್‌ನಲ್ಲಿ ಮರ ಮನೆಯೊಳಗೇ ಬಂದಿತ್ತು. ಬಣ್ಣದ ಕಾಗದದ ಗುಲಾಬಿ, ಸೇಬು, ಸಿಹಿತಿಂಡಿ ಕಟ್ಟುತ್ತಿದ್ದರೆಂದು ಆಗಿನ ಬರಹವೊಂದರಲ್ಲಿದೆ. ಮರಕ್ಕೆ ಮೊದಲು ಮೇಣದಬತ್ತಿ ಹಚ್ಚಿದ್ದು 16ನೇ ಶತಮಾನದ ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರ್ ಅನ್ನುವ ಕಥೆ ಚೆನ್ನಾಗಿದೆ, ಆದರೆ ಅವರ ಕಾಲದ ದಾಖಲೆ ಅದಕ್ಕಿಲ್ಲ.

ಸೇಬು ಗಾಜಾಗಿದ್ದು 19ನೇ ಶತಮಾನದಲ್ಲಿ, ಜರ್ಮನಿಯ ತುರಿಂಜಿಯ ಕಾಡಿನ ಲೌಶಾ ಎಂಬ ಗಾಜು ಊದುವವರ ಊರಿನಲ್ಲಿ. 1867ರಲ್ಲಿ ಅಲ್ಲಿಗೆ ಗ್ಯಾಸ್ ಬಂತು. ಉರಿ ಹದವಾಗಿ ಸಿಕ್ಕಿದ ಮೇಲೆ ದೊಡ್ಡ, ತೆಳು ಗುಂಡು ಊದುವುದು ಸುಲಭವಾಯಿತು. ಇಡೀ ಮನೆಯೇ ದುಡಿಯುತ್ತಿತ್ತು: ಒಬ್ಬರು ಊದಿದರೆ ಇನ್ನೊಬ್ಬರು ಒಳಗೆ ಬೆಳ್ಳಿಯ ದ್ರಾವಣ ಹುಯ್ದು ಅಲುಗಾಡಿಸಿ ಕನ್ನಡಿಯಂತೆ ಮಾಡುವುದು, ಮತ್ತೊಬ್ಬರು ಹೊರಗೆ ಬಣ್ಣ ಹಚ್ಚುವುದು. ಅಷ್ಟರಲ್ಲಿ ಮರಕ್ಕೆ ಬೇಡಿಕೆಯೂ ಬೆಳೆದಿತ್ತು. ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲಂತೂ ಎಷ್ಟೋ ಮನೆಗಳಿಗೆ ಮರ ಬೇಕೆನಿಸಿತು. ನ್ಯೂಯಾರ್ಕಿನಲ್ಲಿ ಥಾಮಸ್ ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್ 1882ರಲ್ಲಿ 80 ವಿದ್ಯುತ್ ದೀಪ ಹಾಕಿ ಮರ ಬೆಳಗಿಸಿದರು.

ಈಗ ತೊಳೆಯುವ ಮಾತಿಗೆ ಬರೋಣ. ಹಳೆಯ ಗುಂಡಿನ ಹೊರಗಿನ ಬಣ್ಣ ಎಷ್ಟೋ ಸಲ ನೀರು ತಾಗಿದರೆ ಎದ್ದು ಬರುತ್ತದೆ. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದರೂ ಸಾಕು, ಕೈಯಿಂದ ಬಿಡಿಸಿದ ಹೂವು ಬಟ್ಟೆಗೆ ಅಂಟಿಕೊಂಡು ಹೋಗಿಬಿಡುತ್ತದೆ, ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ತೇವ ಒಳಗೆ ಸೇರಿದರೆ ಬೆಳ್ಳಿಯೂ ಕೆಡುತ್ತದೆ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ, ಅಷ್ಟೇ. ತಲೆಯ ಮೇಲಿನ ಲೋಹದ ಟೋಪಿಯನ್ನು ಸುಮ್ನೆ ಎಳೆಯಬೇಡಿ, ಗಾಜಿನ ಕತ್ತು ಅಲ್ಲೇ ಒಡೆಯುವುದು ಜಾಸ್ತಿ. ಹಳೇ ಪೇಪರಿನಲ್ಲಿ ಸುತ್ತುವ ಬದಲು ಆಮ್ಲವಿಲ್ಲದ ತೆಳು ಕಾಗದದಲ್ಲಿ ಸುತ್ತಿ, ಬಿಸಿಲು ಮತ್ತು ತೇವ ತಾಗದ ಕಡೆ ಒಂದರ ಮೇಲೊಂದು ಬೀಳದ ಹಾಗೆ ಇಡಿ.